ಹಳೆ ಲಿನಕ್ಸ್ ಐಎಸ್‌ಒ ಬೇಕಾ? ಹ್ಯಾಶ್ ಜೊತೆ ಸಹಿಯನ್ನೂ ನೋಡಿ

32 ಬಿಟ್ ಕಂಪ್ಯೂಟರ್‌ಗೋ, ಹಳೆ ಆವೃತ್ತಿಯಲ್ಲಿ ಮಾತ್ರ ಓಡುವ ಸಾಫ್ಟ್‌ವೇರ್‌ಗೋ ಹಳೆ ಲಿನಕ್ಸ್‌ನ ಐಎಸ್‌ಒ, ಅಂದರೆ ಇನ್‌ಸ್ಟಾಲ್ ಮಾಡುವ ಡಿಸ್ಕ್ ಫೈಲ್, ಬೇಕಾಗುತ್ತದೆ. ಆಗ ಸುಮ್ನೆ ಹುಡುಕಿ, ಮೊದಲು ಸಿಕ್ಕ ಲಿಂಕ್ ಒತ್ತಬೇಡಿ. ಹಳೆಯದನ್ನು ಆಯಾ ಲಿನಕ್ಸ್ ತಯಾರಿಸುವ ಯೋಜನೆಯವರೇ ಇಟ್ಟಿರುತ್ತಾರೆ. ಬೆಂಬಲ ಮುಗಿದ ಉಬುಂಟು ಆವೃತ್ತಿಗಳು ಓಲ್ಡ್-ರಿಲೀಸಸ್ ಡಾಟ್ ಉಬುಂಟು ಡಾಟ್ ಕಾಮ್‌ನಲ್ಲಿವೆ. ಡೆಬಿಯನ್‌ನವು ಸಿಡಿಇಮೇಜ್ ತಾಣದ ಆರ್ಕೈವ್ ಫೋಲ್ಡರ್‌ನಲ್ಲಿ ಸಿಗುತ್ತವೆ, ಫೆಡೋರಾಗೂ ಅದರದೇ ಆರ್ಕೈವ್ ಇದೆ.

ಅಧಿಕೃತ ತಾಣದಿಂದ ಇಳಿಸಿದರೆ ಸಾಕಲ್ವಾ ಅನಿಸಬಹುದು. ಸಾಲದು. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್ ತಾಣಕ್ಕೇ ಕನ್ನ ಹಾಕಿದವರು 17.3 ಸಿನಮನ್‌ನ ಲಿಂಕ್ ಬದಲಿಸಿ, ಹಿಂಬಾಗಿಲು (ಕಳ್ಳತನದಿಂದ ಒಳಗೆ ಬರುವ ದಾರಿ) ಸೇರಿಸಿದ ಐಎಸ್‌ಒ ಕಡೆಗೆ ಜನರನ್ನು ಕಳಿಸಿದ್ದರು. ಪುಟದಲ್ಲಿರುವ ಲಿಂಕ್ ಬದಲಿಸಬಲ್ಲವನು ಪಕ್ಕದಲ್ಲಿರುವ ಹ್ಯಾಶ್ (ಫೈಲ್‌ನಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಕೂಡ ಬದಲಿಸಬಲ್ಲ. ಯೋಜನೆಯವರ ಖಾಸಗಿ ಕೀಲಿ ಕೈಗೆ ಸಿಗದೆ ಅವರ ಡಿಜಿಟಲ್ ಸಹಿಯನ್ನು ಮಾತ್ರ ಅವನು ಹಾಕಲಾರ.

ಹಾಗಾಗಿ ಐಎಸ್‌ಒ ಜೊತೆಗೆ ಎಸ್‌ಎಚ್‌ಎ256ಸಮ್ಸ್ ಎಂಬ ಹ್ಯಾಶ್ ಫೈಲ್ ಮತ್ತು ಅದರ ಸಹಿಯ ಫೈಲ್ ಎರಡನ್ನೂ ಇಳಿಸಿಕೊಳ್ಳಿ. ಉಬುಂಟುವಿನಲ್ಲಿ ಸಹಿ ಫೈಲ್‌ನ ಕೊನೆಗೆ ಡಾಟ್ ಜಿಪಿಜಿ, ಡೆಬಿಯನ್‌ನಲ್ಲಿ ಡಾಟ್ ಸೈನ್ ಎಂದಿರುತ್ತದೆ. ಸಹಿ ಪರೀಕ್ಷಿಸುವ ಜಿಪಿಜಿ ತಂತ್ರಾಂಶಕ್ಕೆ ಯೋಜನೆಯ ಸಾರ್ವಜನಿಕ ಕೀಲಿಯನ್ನು ಸೇರಿಸಿಕೊಂಡು ಜಿಪಿಜಿ --ವೆರಿಫೈ ಕೊಡಿ, ಮೊದಲು ಸಹಿ ಫೈಲ್, ನಂತರ ಹ್ಯಾಶ್ ಫೈಲ್. 'ಗುಡ್ ಸಿಗ್ನೇಚರ್' ಬಂತಾ? ಅಲ್ಲಿಗೇ ನಿಲ್ಲಿಸಬೇಡಿ. ಕೀಲಿಯ ಫಿಂಗರ್‌ಪ್ರಿಂಟ್ (ಅದನ್ನು ಗುರುತಿಸುವ ಉದ್ದನೆಯ ಸಂಕೇತ) ಅನ್ನು ಯೋಜನೆಯವರು ಪ್ರಕಟಿಸಿದ್ದರ ಜೊತೆ ಪೂರ್ತಿ ಹೋಲಿಸಿ, ಕೊನೆಯ ನಾಲ್ಕಾರು ಅಕ್ಷರ ನೋಡಿ ಬಿಡುವುದಲ್ಲ. ಕೀಲಿಗೆ ನಂಬಿಕೆಯ ಸಹಿ ಇಲ್ಲ ಅನ್ನುವ ಎಚ್ಚರಿಕೆಗೆ ಗಾಬರಿ ಬೇಡ, ಆ ಕೀಲಿಯನ್ನು ನೀವು ಇನ್ನೂ ಪ್ರಮಾಣೀಕರಿಸಿಲ್ಲ ಎಂದಷ್ಟೇ ಅದರ ಅರ್ಥ. 'ಬ್ಯಾಡ್ ಸಿಗ್ನೇಚರ್' ಬಂದರೆ ಆ ಫೈಲ್‌ಗಳನ್ನು ಬಳಸಲೇಬೇಡಿ.

ಆಮೇಲೆ ಹ್ಯಾಶ್. ಲಿನಕ್ಸ್‌ನಲ್ಲಿ ಎಸ್‌ಎಚ್‌ಎ256ಸಮ್ -ಸಿ --ಇಗ್ನೋರ್-ಮಿಸ್ಸಿಂಗ್ ಕೊಟ್ಟು ಹ್ಯಾಶ್ ಫೈಲ್‌ನ ಹೆಸರು ಹಾಕಿ, ಐಎಸ್‌ಒ ಮುಂದೆ ಓಕೆ ಎಂದು ಬರಬೇಕು. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ -ಹ್ಯಾಶ್‌ಫೈಲ್ ಇದೆ, ಕೊನೆಗೆ ಎಸ್‌ಎಚ್‌ಎ256 ಎಂದು ಸೇರಿಸುವುದನ್ನು ಮರೆಯಬೇಡಿ. ತುಂಬಾ ಹಳೆ ಆವೃತ್ತಿಗಳಿಗೆ ಎಂಡಿ5 ಎಂಬ ಹಳೆ ಬಗೆಯ ಹ್ಯಾಶ್ ಮಾತ್ರ ಸಿಗಬಹುದು. ಡೌನ್‌ಲೋಡ್ ಅರ್ಧಕ್ಕೆ ಕೆಟ್ಟಿದೆಯಾ ಎಂದು ತಿಳಿಯಲು ಅದು ಸಾಕು, ಅದಕ್ಕಿಂತ ಜಾಸ್ತಿ ನಂಬಬೇಡಿ: ಬೇರೆ ಬೇರೆ ಫೈಲ್‌ಗಳಿಗೆ ಒಂದೇ ಎಂಡಿ5 ಬರುವಂತೆ ಮಾಡಬಹುದು ಎಂದು 2004ರಲ್ಲೇ ತೋರಿಸಿದ್ದಾರೆ.

ಎಲ್ಲ ಸರಿಯಿದ್ದರೂ ಬೆಂಬಲ ಮುಗಿದ ಆವೃತ್ತಿಯ ಹಳೆ ತೂತುಗಳು ಹಾಗೇ ಇರುತ್ತವೆ. ಇಂಟರ್ನೆಟ್ ಇಲ್ಲದೆ ಇನ್‌ಸ್ಟಾಲ್ ಮಾಡಿ, ಆದಷ್ಟು ಹಾಗೇ ಬಳಸಿ. ಪ್ಯಾಕೇಜ್ ಬೇಕೇ ಬೇಕು ಅಂದರೆ ಪ್ಯಾಕೇಜ್ ಎಲ್ಲಿಂದ ಇಳಿಸಬೇಕು ಎಂದು ಹೇಳುವ ಸೋರ್ಸಸ್ ಪಟ್ಟಿಯಲ್ಲಿರುವ ವಿಳಾಸವನ್ನು ಹಳೆ ಆವೃತ್ತಿಗಳ ಸರ್ವರ್‌ಗೆ ಬದಲಿಸಿ, ಬೇಕಾದ್ದನ್ನು ಹಾಕಿಕೊಂಡು ಕೇಬಲ್ ತೆಗೆದುಬಿಡಿ.