ಮಧುಗಿರಿ ಕಡೆಯ ತುಕ್ಕು ಜೀಪು: ಕೊಳ್ಳುವ ಮೊದಲಿನ ಐದು ವಾರ

ಹುಣಸೆ ಮರದ ಕೆಳಗೆ, ರಾಗಿ ಹುಲ್ಲಿನ ಬಣವೆಗೆ ಒರಗಿಕೊಂಡಂತೆ ಆ ಜೀಪು ನಿಂತಿತ್ತು. ನಾಲ್ಕೂ ಟೈರುಗಳ ಗಾಳಿ ಇಳಿದು ರಿಮ್ಮುಗಳು ಮಣ್ಣು ಕಚ್ಚಿದ್ದವು. ಹಿಂದಿನ ಸೀಟಿನ ಜಾಗದಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ಮಧುಗಿರಿಯಿಂದ ಪಾವಗಡದ ಕಡೆ ಹೋಗುವ ರಸ್ತೆಯಿಂದ ಮೂರು ಕಿಲೋಮೀಟರ್ ಒಳಗಿರುವ ಹಳ್ಳಿ ಅದು. 2024ರ ಜನವರಿ, ಸಂಕ್ರಾಂತಿ ಕಳೆದ ವಾರ. ಮನೆಯವರು ಹೇಳಿದ ಬೆಲೆ 1,60,000 ರೂಪಾಯಿ. ನಾನು ಅಂದು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಮೂರು ಸಲ ಹೋಗಿ ನೋಡಿ, ಐದು ವಾರ ಲೆಕ್ಕ ಹಾಕಿ, ಆಮೇಲೆ ತೀರ್ಮಾನಕ್ಕೆ ಬಂದೆ. ಹಳೆಯ ಜೀಪು ಕೊಂಡು ರಿಪೇರಿ ಮಾಡುವ ಆಸೆ ಇರುವವರಿಗೆ ಉಪಯೋಗವಾದೀತೆಂದು ಆ ದಿನಗಳ ವಿಚಾರವನ್ನು ಇಲ್ಲಿ ಬರೆದಿದ್ದೇನೆ.

ನಾನು ತುಮಕೂರಿನ ಶಿರಾ ಗೇಟ್ ಬಳಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡವನು. ಟ್ರ್ಯಾಕ್ಟರ್ ಟ್ರೇಲರ್, ಗೇಟು, ಶೆಡ್ಡಿನ ಕೆಲಸ ನನ್ನದು. ಅಂಗಡಿ ಹೊಸದಾಗಿದ್ದಾಗ, 2006ರಲ್ಲಿ, ಗುಜರಿ ವ್ಯಾಪಾರಿಯೊಬ್ಬರು ಇಂಥದ್ದೇ ಜೀಪನ್ನು ಎಳೆದು ತಂದು ನಿಲ್ಲಿಸಿ, ಸಂಜೆಯೊಳಗೆ ತುಂಡು ಮಾಡಿಕೊಡಿ ಎಂದರು. ಗ್ಯಾಸ್ ಕಟರ್ ಹಿಡಿದು ನಾನೇ ಕತ್ತರಿಸಿದೆ. ಬಾಡಿ ಜರಡಿಯಾಗಿತ್ತು, ಹಾಳೆಯಂತೆ ಹರಿದು ಬಂತು. ಆದರೆ ಚಾಸಿಯನ್ನು, ಎಂದರೆ ಗಾಡಿಯ ಭಾರ ಹೊರುವ ಅಡಿಯ ಚೌಕಟ್ಟನ್ನು, ಕತ್ತರಿಸಿದಾಗ ಕಂಡ ಕಬ್ಬಿಣ ನನ್ನನ್ನು ಇಂದಿಗೂ ಬಿಟ್ಟಿಲ್ಲ. ದಪ್ಪ ಒಂದಿಷ್ಟೂ ಕುಂದಿರಲಿಲ್ಲ. ಎರಡು ಕಡೆ ಮಾತ್ರ, ಅಡ್ಡಪಟ್ಟಿ ಸೇರುವ ಮೂಲೆಗಳಲ್ಲಿ ಹಳೆಯ ಕೆಸರು ಕಲ್ಲಿನಂತೆ ಗಟ್ಟಿಯಾಗಿ ಕುಳಿತು, ಅದರ ಹಿಂದಿನ ಲೋಹ ಪುಡಿಯಾಗಿತ್ತು. ಬದುಕಬಹುದಾಗಿದ್ದ ಗಾಡಿಯನ್ನು ಮುನ್ನೂರು ರೂಪಾಯಿ ಕೂಲಿಗೆ ಮುಗಿಸಿಬಿಟ್ಟೆ ಎಂಬ ಸಂಕಟ ಆ ರಾತ್ರಿಯೇ ಶುರುವಾಯಿತು. ಜೀಪಿನಲ್ಲಿ ತುಕ್ಕು ಎಲ್ಲಿ ಅಡಗಿ ಕೂರುತ್ತದೆ ಎಂಬ ಪಾಠವನ್ನೂ ಆ ಜೀಪೇ ಕಲಿಸಿತು.

ಹುಣಸೆ ಮರದ ಕೆಳಗಿದ್ದದ್ದು ಮಹೀಂದ್ರ ಸಿಜೆ-3ಬಿ, 1974ರ ಮಾರ್ಚಿನಲ್ಲಿ ನೋಂದಣಿಯಾದದ್ದು, ಎಂ.ವೈ. ಅಕ್ಷರಗಳಿಂದ ಶುರುವಾಗುವ ಹಳೆಯ ನಂಬರು. ಎತ್ತರದ ಬಾನೆಟ್ಟಿನಿಂದಲೇ ಈ ಜೀಪನ್ನು ದೂರದಿಂದ ಗುರುತಿಸಬಹುದು. ಅದರೊಳಗಿನ ಹರಿಕೇನ್ ಎಂಜಿನ್ನಿನಲ್ಲಿ ಗಾಳಿ ಒಳಬರುವ ವಾಲ್ವ್ ಮೇಲೆ ಹೆಡ್ಡಿನಲ್ಲಿದೆ, ಹೊಗೆ ಹೊರಹೋಗುವ ವಾಲ್ವ್ ಕೆಳಗೆ ಬ್ಲಾಕಿನಲ್ಲಿದೆ. ಹಾಗಾಗಿ ಎಂಜಿನ್ ಎತ್ತರವಾಯಿತು, ಅದನ್ನು ಮುಚ್ಚಲು ಬಾನೆಟ್ಟನ್ನೂ ಎತ್ತರಿಸಿದರು. ಅಮೆರಿಕದಲ್ಲಿ 1953ರಿಂದ 1968ರವರೆಗೆ ತಯಾರಾದ ಈ ಮಾದರಿಯನ್ನು ನಮ್ಮಲ್ಲಿ ಆಮೇಲೂ ಬಹಳ ಕಾಲ ಮಾಡುತ್ತಲೇ ಇದ್ದರು.

ಮೊದಲ ದಿನ ನಾನು ಬಾಡಿಯ ಕಡೆ ಹೆಚ್ಚು ನೋಡಲಿಲ್ಲ. ಚಾಲಕನ ಕಾಲಡಿಯ ತಗಡು ಇರಲೇ ಇಲ್ಲ, ನೆಲದ ಹುಲ್ಲು ಕಾಣುತ್ತಿತ್ತು. ಸೀಟಿನ ಕೆಳಗಿನ ಪೆಟ್ರೋಲ್ ಟ್ಯಾಂಕಿನ ತಳ ಉದುರಿಹೋಗಿತ್ತು. ಇವೆಲ್ಲ ತಗಡಿನ ಕೆಲಸ. ತಗಡು ಬಗ್ಗಿಸಲು ನನಗೆ ಬರುತ್ತದೆ, ಬಾರದಿದ್ದರೂ ಹೊಸ ಬಾಡಿ ಕಟ್ಟಿಕೊಡುವವರು ಇದ್ದಾರೆ. ಗೋಣಿಚೀಲ ಹಾಸಿಕೊಂಡು ಅಡಿಗೆ ಮಲಗಿ, ಸಣ್ಣ ಸುತ್ತಿಗೆಯಿಂದ ಚಾಸಿಯನ್ನು ಮುಂದಿನಿಂದ ಹಿಂದಿನವರೆಗೆ ಗೇಣು ಗೇಣಿಗೂ ತಟ್ಟುತ್ತ ಹೋದೆ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಸತ್ತ ಕಬ್ಬಿಣ ಕುಂಬಳಕಾಯಿ ತಟ್ಟಿದಂತೆ ಮಂಕಾಗಿ ಕೇಳುತ್ತದೆ. ಬಲಭಾಗ ಪೂರ್ತಿ ಠಣ್ ಎಂದಿತು. ಎಡಭಾಗ ಹಿಂದಿನ ಸ್ಪ್ರಿಂಗ್ ಕೂರುವ ಜಾಗದವರೆಗೆ ಸರಿಯಿತ್ತು, ಅಲ್ಲಿಗೆ ಬರುತ್ತಲೇ ದನಿ ಸತ್ತಿತು. ನೋಡಿದರೆ ಯಾರೋ ತುಕ್ಕಿನ ಮೇಲೆಯೇ ಅಂಗೈಯಗಲದ ತಟ್ಟೆ ಬೆಸೆದು, ಕಪ್ಪು ಬಣ್ಣ ಬಳಿದಿದ್ದರು. ಸ್ಕ್ರೂಡ್ರೈವರ್ ಒತ್ತಿದೆ. ತಟ್ಟೆಯ ಪಕ್ಕದಲ್ಲಿ ಅದು ಒಂದು ಅಂಗುಲ ಒಳಗೆ ಹೋಗಿ ನಿಂತಿತು, ಹೊರಗೆಳೆದಾಗ ಕೆಂಪು ಪುಡಿ ನನ್ನ ಮುಖದ ಮೇಲೆ ಉದುರಿತು.

ಆ ಕಡೆಯೇ ಯಾಕೆ ಎಂದು ಎದ್ದು ಸುತ್ತ ನೋಡಿದೆ. ಜೀಪಿನ ಎಡ ಹಿಂಭಾಗಕ್ಕೆ ತಾಗಿದಂತೆ ಕೊಟ್ಟಿಗೆಯ ಗಂಜಲದ ಕಾಲುವೆ ಹರಿಯುತ್ತಿತ್ತು. ಐದು ವರ್ಷ ಗಂಜಲ ಕುಡಿದ ಕಬ್ಬಿಣ ಉಳಿಯುವುದು ಕಷ್ಟ. ಮಧುಗಿರಿ, ಪಾವಗಡದ ಕಡೆ ಮಳೆ ಕಡಿಮೆ, ಗಾಳಿ ಒಣ, ಆದ್ದರಿಂದ ಕರಾವಳಿಯ ಗಾಡಿಗಳಿಗಿಂತ ಇಲ್ಲಿಯ ಗಾಡಿಗಳು ಚೆನ್ನಾಗಿ ಬಾಳುತ್ತವೆ. ತಿಪ್ಪೆ, ಕೊಟ್ಟಿಗೆಗಳ ಪಕ್ಕ ನಿಂತವುಗಳನ್ನು ಮಾತ್ರ ಬೇರೆ ಕಣ್ಣಿನಿಂದ ನೋಡಬೇಕು. ತುಕ್ಕಿಗೆ ಒಂದು ಕಾರಣ ಸಿಕ್ಕಿದ್ದು ನನಗೆ ಸಮಾಧಾನವನ್ನೇ ತಂದಿತು: ಕೊಳೆತದ್ದು ಒಂದು ಮೂಲೆ, ಇಡೀ ಚಾಸಿಯಲ್ಲ. ದಪ್ಪ ಅಳೆಯುವ ವರ್ನಿಯರ್ ಹಿಡಿದು ಕಬ್ಬಿಣವನ್ನು ಅಳೆದೆ. ಬಲಭಾಗದ ಅಂಚಿನಲ್ಲಿ 3.1 ಮಿಲಿಮೀಟರ್, ಎಡಭಾಗದ ಮಧ್ಯದಲ್ಲಿ 3, ತಟ್ಟೆ ಬೆಸೆದ ಕಡೆ 1.7.

ಎರಡನೆಯ ಸಲ ಹೋದಾಗ ಗಾರೆ ಕೆಲಸದವರ ತೂಗುಗುಂಡು ತೆಗೆದುಕೊಂಡು ಹೋಗಿದ್ದೆ. ತೂತು ಬಿದ್ದ ಚಾಸಿಯನ್ನು ಸರಿಪಡಿಸಬಹುದು, ತಿರುಚಿಕೊಂಡ ಚಾಸಿ ಆಯುಷ್ಯವಿಡೀ ಟೈರು ತಿನ್ನುತ್ತದೆ. ಜಾಕ್ ಕೊಟ್ಟು ಗಾಡಿಯನ್ನು ಸಮ ಮಾಡಿ, ನಾಲ್ಕು ಸ್ಪ್ರಿಂಗ್ ಬೋಲ್ಟುಗಳ ನೇರಕ್ಕೆ ದಾರ ಇಳಿಬಿಟ್ಟು, ನೆಲದ ಮೇಲೆ ಸುಣ್ಣದ ಚುಕ್ಕೆ ಇಟ್ಟೆ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪು ಹಿಡಿದಾಗ ವ್ಯತ್ಯಾಸ ಬಂದದ್ದು 5 ಮಿಲಿಮೀಟರ್. ಐವತ್ತು ವರ್ಷ ಹೊಲದ ಬದುಗಳ ಮೇಲೆ ಓಡಾಡಿದ ಗಾಡಿಗೆ ಅದು ಬಹಳ ಒಳ್ಳೆಯ ಲೆಕ್ಕ ಎಂದು ನನಗನ್ನಿಸಿತು.

ಅಂದು ಹೆಚ್ಚು ಹೊತ್ತು ಹಿಡಿದದ್ದು ಚಾಸಿ ನಂಬರು. ಮುಂಭಾಗದಲ್ಲಿ, ಬಂಪರಿನ ಹಿಂದೆ, ಗ್ರೀಸು ಮತ್ತು ಮಣ್ಣು ಸೇರಿ ಚರ್ಮದಂತೆ ಅಂಟಿಕೊಂಡಿತ್ತು. ಅಲ್ಲಿ ತಂತಿಯ ಬ್ರಷ್ಷನ್ನೂ ಗ್ರೈಂಡರನ್ನೂ ಹಚ್ಚಬಾರದು. ಕೊರೆದ ಅಂಕಿಗಳ ಆಳ ಹೆಚ್ಚಿರುವುದಿಲ್ಲ, ಒಮ್ಮೆ ಸವೆದರೆ ಗಾಡಿಯ ಗುರುತೇ ಹೋದಂತೆ. ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯನ್ನು ಅರ್ಧ ಗಂಟೆ ಒತ್ತಿಟ್ಟು, ತೆಂಗಿನ ನಾರಿನಿಂದ ಉಜ್ಜಿದೆ. ಒಂದೊಂದೇ ಅಂಕಿ ಎದ್ದು ಬಂತು. ಕೊನೆಯಿಂದ ಎರಡನೆಯದು 3 ಅಥವಾ 8 ಎಂದು ತಿಳಿಯಲಿಲ್ಲ. ಸೀಮೆಸುಣ್ಣ ತೇಯ್ದು ಬೆರಳಿನಿಂದ ಒರೆಸಿದೆ, ಗುಣಿಗಳಲ್ಲಿ ಬಿಳಿ ಉಳಿಯಿತು, ಆದರೂ ಅನುಮಾನ ಹೋಗಲಿಲ್ಲ. ಕಡೆಗೆ ತೆಳು ಕಾಗದವನ್ನು ಒತ್ತಿ ಹಿಡಿದು ಪೆನ್ಸಿಲ್ ಉಜ್ಜಿದೆ. ಕಾಗದದ ಮೇಲೆ ಎಡಬದಿ ಮುಚ್ಚಿದ 8 ಸ್ಪಷ್ಟವಾಗಿ ಮೂಡಿತು. ಗಾಡಿಯ ನೋಂದಣಿ ಪತ್ರ, ಆರ್.ಸಿ.ಯಲ್ಲಿ ಇದ್ದದ್ದೂ 8. ಆರ್‌ಟಿಒ ಕಚೇರಿಯಲ್ಲಿ ಅಧಿಕಾರಿಗಳು ತೆಗೆದುಕೊಳ್ಳುವ ಪೆನ್ಸಿಲ್ ಅಚ್ಚೂ ಇದೇ ರೀತಿಯದು, ಆದ್ದರಿಂದ ನಮಗೆ ಮೂಡದಿದ್ದರೆ ಅವರಿಗೂ ಮೂಡುವುದಿಲ್ಲ. ಆ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡಾಗ ಮೊದಲ ಬಾರಿಗೆ ಈ ಜೀಪು ನನ್ನದಾಗಬಹುದು ಎಂಬ ಆಸೆ ಗಟ್ಟಿಯಾಯಿತು.

ಎಂಜಿನ್ ತಿರುಗದಂತೆ ಹಿಡಿದುಕೊಂಡಿತ್ತು. ಪ್ಲಗ್ಗುಗಳನ್ನು ಬಿಚ್ಚಿ ನಾಲ್ಕೂ ಸಿಲಿಂಡರುಗಳಿಗೆ ಡೀಸೆಲ್ಲು ಮತ್ತು ಎಂಜಿನ್ ಆಯಿಲ್ ಬೆರೆಸಿ ಸುರಿದು ಬಂದೆ. ಮೂರನೆಯ ಸಲ, ಹನ್ನೆರಡು ದಿನದ ನಂತರ, ನನ್ನ ಜೊತೆ ನಲವತ್ತು ವರ್ಷ ಜೀಪುಗಳ ಕೆಲಸ ಮಾಡಿದ ಮೇಸ್ತ್ರಿಯೊಬ್ಬರು ಬಂದರು. ಸ್ಟಾರ್ಟಿಂಗ್ ಹ್ಯಾಂಡಲ್ ಹಾಕಿ ಇಬ್ಬರೂ ಒತ್ತಿದೆವು. ಕಾಲು ಸುತ್ತು ತಿರುಗಿತು. ಮೇಸ್ತ್ರಿ ಅಲ್ಲಿಗೇ ಸಾಕು ಎಂದರು. "ಬಲವಂತ ಮಾಡಬೇಡಪ್ಪ, ರಿಂಗು ಮುರಿಯುತ್ತದೆ. ತಿರುಗುತ್ತದೆ ಎಂದು ಗೊತ್ತಾಯಿತಲ್ಲ." ಎಂಜಿನ್ ನಂಬರೂ ಆರ್.ಸಿ.ಗೆ ಹೊಂದಿತು.

ಎಂಜಿನ್ ನಂಬರಿಗೆ ನಾನು ಯಾಕೆ ಇಷ್ಟು ಮಹತ್ವ ಕೊಟ್ಟೆನೆಂದರೆ, ಅದೇ ತಿಂಗಳು ಗುಬ್ಬಿಯ ಕಡೆ ಇನ್ನೊಂದು ಜೀಪು ನೋಡಿದ್ದೆ. ಮಿರಿಮಿರಿ ಮಿಂಚುವ ಹಸಿರು ಬಣ್ಣ, ಹೊಸ ಟೈರು, ಸೆಲ್ಫ್ ಒತ್ತಿದ ಕೂಡಲೇ ಸ್ಟಾರ್ಟ್. ಬೆಲೆ 3,25,000. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಎಡಬದಿಯ ತಗಡಿಗೆ ಹಿಡಿದರೆ ಜಾರಿ ಬಿತ್ತು, ಬಣ್ಣದ ಕೆಳಗೆಲ್ಲ ತೂತು ಮುಚ್ಚುವ ಪುಟ್ಟಿ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಿದ್ದರು, ಆರ್.ಸಿ.ಯಲ್ಲಿ ಇನ್ನೂ ಪೆಟ್ರೋಲ್ ಎಂದೇ ಇತ್ತು. ಖರ್ಚು ಉಳಿಸಲು ಹೀಗೆ ಎಂಜಿನ್ ಬದಲಿಸಿದ ಜೀಪುಗಳು ನಮ್ಮ ಕಡೆ ಬೇಕಾದಷ್ಟಿವೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಅನುಮತಿ ಪಡೆಯದೆ ಇಂಥ ಬದಲಾವಣೆ ಮಾಡುವಂತಿಲ್ಲ. ಕಣ್ಣಿಗೆ ಹಬ್ಬವಾಗಿದ್ದ ಆ ಗಾಡಿಯನ್ನು ಬಿಟ್ಟು ಬರುವಾಗ ನನಗೆ ಒಂದಿಷ್ಟೂ ಬೇಸರವಾಗಲಿಲ್ಲ.

ಮಧುಗಿರಿಯ ಜೀಪಿಗೆ ಕಾಗದದ ತೊಡಕು ಬೇರೆ ಬಗೆಯದು. ಆರ್.ಸಿ. ಇದ್ದದ್ದು ತೀರಿಹೋದ ಯಜಮಾನರ ಹೆಸರಿನಲ್ಲಿ. ಮಾರುತ್ತಿದ್ದವರು ಅವರ ಮಗ. ಮಗನಿಗೆ ಮೂವರು ಅಕ್ಕತಂಗಿಯರು. ಮನೆಯವರೆಲ್ಲ ಒಳ್ಳೆಯವರೇ, ನಾನು ಹೋದಾಗಲೆಲ್ಲ ಮನೆಯ ಅಜ್ಜಿ ಮಜ್ಜಿಗೆ ಕೊಟ್ಟು ಉಪಚರಿಸಿದರು. ಆದರೂ ತೀರಿಹೋದವರ ಹೆಸರಿನ ಗಾಡಿಗೆ ಮಗನೊಬ್ಬನ ಮಾತಿನ ಮೇಲೆ ಮುಂಗಡ ಕೊಡುವುದು ತಪ್ಪು. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ, ಇವುಗಳ ಜೊತೆ ಫಾರಂ 31 ಕೊಟ್ಟು ಗಾಡಿ ಮೊದಲು ವಾರಸುದಾರರ ಹೆಸರಿಗೆ ಬರಬೇಕು. ಅಲ್ಲಿಂದ ಫಾರಂ 29 ಮತ್ತು 30ರ ಮೂಲಕ ನನ್ನ ಹೆಸರಿಗೆ. ಇದನ್ನೆಲ್ಲ ಮಗನ ಮುಂದೆ ಬಿಡಿಸಿ ಹೇಳಿದೆ. "ಅಣ್ಣಾ, ಒಂದು ಹಳೆಯ ಜೀಪಿಗೆ ಇಷ್ಟೆಲ್ಲ ಬೇಕೆ?" ಎಂದು ಅವರು ಕೇಳಿದರು. ಬೇಕು ಎಂದೆ. ಹಿಂದೂಪುರಕ್ಕೆ ಕೊಟ್ಟಿದ್ದ ಆ ಮನೆಯ ಮಗಳು ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೆ ತವರಿಗೆ ಬರುವವರಿದ್ದರು. ಆಗ ಸಹಿ ಹಾಕಿಸಿಕೊಡುವುದಾಗಿ ಒಪ್ಪಿದರು.

ನೋಂದಣಿಯ ಅವಧಿ 2022ರ ನವೆಂಬರಿನಲ್ಲಿ ಮುಗಿದಿತ್ತು. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನವೀಕರಣ ಮಾಡಿಸಬೇಕು. 2022ರ ಏಪ್ರಿಲ್‌ನಿಂದ ಇದರ ಶುಲ್ಕ ಕಾರು, ಜೀಪುಗಳಿಗೆ 600 ರೂಪಾಯಿಯಿಂದ 5,000ಕ್ಕೆ ಏರಿತ್ತು, ತಡವಾದ ಪ್ರತಿ ತಿಂಗಳಿಗೂ 500 ರೂಪಾಯಿ ಬೇರೆ ಇತ್ತು; ನಾನು ಲೆಕ್ಕ ಹಾಕಿದ 2024ರಲ್ಲಿ ಇದ್ದದ್ದು ಇದು. ಎಂದರೆ ನಾನು ರಿಪೇರಿಗೆ ತೆಗೆದುಕೊಳ್ಳುವ ಒಂದೊಂದು ತಿಂಗಳಿಗೂ ಬೆಲೆ ಇತ್ತು. ಇನ್ನೊಂದು ದಾರಿಯೂ ಇತ್ತು. ಐವತ್ತು ವರ್ಷ ತುಂಬಿದ, ಮೂಲ ರೂಪ ಉಳಿಸಿಕೊಂಡ ಗಾಡಿಗಳಿಗೆ 2021ರಲ್ಲಿ ಬಂದ ನಿಯಮದಡಿ 20,000 ರೂಪಾಯಿ ಕಟ್ಟಿ ವಿಂಟೇಜ್ ನೋಂದಣಿ ಮಾಡಿಸಬಹುದು, ಹತ್ತು ವರ್ಷ ನಡೆಯುತ್ತದೆ, ನಂಬರಿನಲ್ಲಿ ವಿ.ಎ. ಎಂಬ ಅಕ್ಷರಗಳು ಬರುತ್ತವೆ. ಈ ಜೀಪಿಗೆ ಮಾರ್ಚಿಗೆ ಐವತ್ತು ತುಂಬುತ್ತಿತ್ತು. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ರಿಪೇರಿ ಇಂಥವುಗಳಿಗಷ್ಟೇ ರಸ್ತೆಗೆ ಇಳಿಸಬಹುದು. ನನಗೆ ಬೇಕಿದ್ದದ್ದು ಕೊರಟಗೆರೆಯ ತೋಟಕ್ಕೆ ಹೋಗಿ ಬರುವ, ತೆಂಗಿನಕಾಯಿ ಹೇರಿಕೊಂಡು ಬರುವ ಜೀಪು. ಸಾಮಾನ್ಯ ನವೀಕರಣವೇ ಸರಿ ಎಂದು ನಿಶ್ಚಯಿಸಿದೆ.

ಇಷ್ಟಾದ ಮೇಲೆ ಅಂಗಡಿಯ ನೋಟ್‌ಬುಕ್ಕಿನಲ್ಲಿ ಖರ್ಚು ಬರೆದೆ. ಎಂಜಿನ್ ಬೋರಿಂಗು, ಪಿಸ್ಟನ್, ವಾಲ್ವು ಸೇರಿ 60,000. ಟೈರು, ಟ್ಯೂಬು 30,000. ಬ್ರೇಕು, ವೈರಿಂಗು, ಬ್ಯಾಟರಿ, ರೇಡಿಯೇಟರ್ 45,000. ತಗಡು, ಚಾಸಿಯ ಕಬ್ಬಿಣ, ಬಣ್ಣ 50,000. ಕಾಗದಪತ್ರ, ವಿಮೆ 20,000. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ದಿನ ಅಡ್ಡಾಡಿ ಬಿಡಿಭಾಗಗಳ ಬೆಲೆ ಕೇಳಿಕೊಂಡು ಬಂದೇ ಇದನ್ನು ಬರೆದದ್ದು. ಒಟ್ಟು 2,05,000. ಅಂಗಡಿಯ ಲೆಕ್ಕ ನೋಡುವವಳು ನನ್ನ ಹೆಂಡತಿ. ಪುಟವನ್ನು ಎರಡು ಸಲ ಓದಿ ಕೇಳಿದಳು, "ರೀ, ಇದರಲ್ಲಿ ನಿಮ್ಮ ಕೂಲಿ ಎಲ್ಲಿದೆ?"

ನನ್ನ ಕೂಲಿ ಬರೆದಿರಲಿಲ್ಲ. ಕೂತು ಲೆಕ್ಕ ಹಾಕಿದರೆ ಕಡಿಮೆ ಎಂದರೂ ನಾನೂರು ಗಂಟೆ. ಆ ನಾನೂರು ಗಂಟೆಯಲ್ಲಿ ಎಷ್ಟು ಟ್ರೇಲರ್ ಕಟ್ಟಬಹುದೆಂದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಭಾನುವಾರ ಮಾತ್ರ ಜೀಪಿನ ಕೆಲಸ, ಗಿರಾಕಿಯ ಕೆಲಸ ಬಾಕಿ ಇದ್ದರೆ ಆ ಭಾನುವಾರವೂ ಇಲ್ಲ ಎಂದು ನಮ್ಮಿಬ್ಬರಲ್ಲಿ ಒಪ್ಪಂದವಾಯಿತು. ಭಾನುವಾರಕ್ಕೆ ಏಳೆಂಟು ಗಂಟೆಯಂತೆ ಹಿಡಿದರೆ ಒಂದು ವರ್ಷದ ಮೇಲಾಗುತ್ತದೆ. ತಿಂಗಳ 500 ರೂಪಾಯಿ ದಂಡವನ್ನೂ ಸೇರಿಸಿ, ಜೀಪಿಗೆ 1,00,000ದ ಮೇಲೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ ಎಂದು ಪುಟದ ಕೆಳಗೆ ಬರೆದು ಗೆರೆ ಎಳೆದೆ. ಮಾರುವವರ ಅಂಗಳದಲ್ಲಿ ನಿಂತಾಗ ಆಸೆ ಬೆಳೆಯುತ್ತದೆ, ಆದ್ದರಿಂದ ಆ ಅಂಕಿಯನ್ನು ಮನೆಯಲ್ಲೇ ಬರೆದಿಡಬೇಕಿತ್ತು.

ಜಾತ್ರೆಯ ಮಾರನೆಯ ದಿನ ಮಾತುಕತೆಗೆ ಕುಳಿತೆವು. ಕೊಳೆತ ಜಾಗವನ್ನು ಮಗನಿಗೆ ಮುಟ್ಟಿಸಿ ತೋರಿಸಿದೆ, ಅಳತೆಗಳನ್ನು ಹೇಳಿದೆ, ಏನನ್ನೂ ಹೆಚ್ಚು ಮಾಡಿ ಹೇಳಲಿಲ್ಲ. ಗುಜರಿಯವರು 35,000ಕ್ಕೆ ಕೇಳಿದ್ದರೆಂದು ಅವರಾಗಿಯೇ ತಿಳಿಸಿದರು. ಅಜ್ಜಿ ಒಂದೇ ಪ್ರಶ್ನೆ ಕೇಳಿದರು: "ಇದನ್ನು ಮುರಿಯುವುದಿಲ್ಲ ತಾನೆ, ಮಗ?" ಇಲ್ಲಮ್ಮ, ಓಡಿಸಿಕೊಂಡು ಬಂದು ನಿಮಗೆ ತೋರಿಸುತ್ತೇನೆ ಎಂದೆ. 95,000ಕ್ಕೆ ನಿಂತಿತು. ಛಾಪಾ ಕಾಗದದ ಮೇಲೆ ಕರಾರು ಬರೆದು, ನಾಲ್ವರು ಮಕ್ಕಳೂ ಅಜ್ಜಿಯೂ ಸಹಿ ಮಾಡಿದ ಮೇಲೆ 60,000 ಕೊಟ್ಟೆ. ಉಳಿದ 35,000 ಆರ್.ಸಿ. ನನ್ನ ಹೆಸರಿಗೆ ಬಂದ ದಿನ. ನವೀಕರಣಕ್ಕೆ ಜೀಪು ದೀಪ, ಬ್ರೇಕು ಸಮೇತ ಅಧಿಕಾರಿಯ ಮುಂದೆ ನಿಲ್ಲಬೇಕಾದ್ದರಿಂದ ಅದಕ್ಕೆ ಕಾಲ ಹಿಡಿಯುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಕೋಳಿಯ ಮರಿಗಳು ಹೊರಬರಲೆಂದು ಇನ್ನೂ ನಾಲ್ಕು ದಿನ ಕಾದು, ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಜೀಪನ್ನು ಹೇರಿಸಿಕೊಂಡು ಬಂದೆ. ಮೊದಲ ಭಾನುವಾರ ಬಾಡಿಯನ್ನು ಇಳಿಸಿದೆವು. ಎಡ ಮೂಲೆಯ ಹಳೆಯ ತಟ್ಟೆಯನ್ನು ಕತ್ತರಿಸಿ ತೆಗೆದಾಗ ಎರಡು ಬೊಗಸೆ ಕೆಸರು ಉದುರಿತು. ಕೊಳೆತ ಭಾಗ ನಾನು ಎಣಿಸಿದ್ದಕ್ಕಿಂತ ನಾಲ್ಕು ಅಂಗುಲ ಮುಂದಕ್ಕೆ ಹೋಗಿತ್ತು, ಅಲ್ಲಿಂದಾಚೆ ಲೋಹ ಬೆಳ್ಳಗೆ, ಗಟ್ಟಿಯಾಗಿತ್ತು. ಚಾಸಿ ನಂಬರಿನ ಜಾಗಕ್ಕೆ ಗ್ರೀಸು ಬಳಿದು, ಹಳೆಯ ಸೈಕಲ್ ಟ್ಯೂಬು ಸುತ್ತಿ ಕಟ್ಟಿದ್ದೇನೆ, ಗ್ರೈಂಡರಿನ ಕಿಡಿಯೂ ತಾಗದ ಹಾಗೆ.