ಮೋಟಾರ್‌ಗೆ ಹೈಪಾಟ್ ಟೆಸ್ಟ್ ಮಾಡುವ ಜಾಗ ಹೇಗಿರಬೇಕು

ರಿವೈಂಡಿಂಗ್ ಮುಗಿದ 415 ವೋಲ್ಟ್ ಮೋಟಾರ್‌ಗೆ ಎಷ್ಟು ವೋಲ್ಟೇಜ್ ಕೊಟ್ಟು ಟೆಸ್ಟ್ ಮಾಡ್ತಾರೆ ಗೊತ್ತಲ್ವಾ? 415ರ ಎರಡು ಪಟ್ಟಿಗೆ 1000 ಸೇರಿಸಿ, ಅಂದರೆ 1830 ವೋಲ್ಟ್. ಅದೂ ಒಂದು ನಿಮಿಷ, ವೈಂಡಿಂಗ್‌ಗೂ (ಒಳಗಿನ ತಂತಿ ಸುರುಳಿ) ಬಾಡಿಗೂ ನಡುವೆ. ನಡುವಿನ ಇನ್ಸುಲೇಷನ್ ಅಷ್ಟು ವೋಲ್ಟೇಜ್ ತಡೆಯುತ್ತದಾ ಅಂತ ನೋಡುವುದೇ ಹೈಪಾಟ್ ಟೆಸ್ಟ್. ಪೀಣ್ಯದ ಶೆಡ್ ಇರಲಿ, ಹುಬ್ಬಳ್ಳಿ ಗೋಕುಲ ರಸ್ತೆಯ ವರ್ಕ್‌ಶಾಪ್ ಇರಲಿ, ಈ ಕೆಲಸಕ್ಕೆ ಬೇರೆ ಜಾಗವನ್ನೇ ಇಡದೆ, ಜನ ಓಡಾಡುವ ದಾರಿಯಲ್ಲೇ ಮೋಟಾರ್ ಇಟ್ಟು ಕ್ಲಿಪ್ ಹಾಕಿಬಿಡುವುದು ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ. "ಹುಷಾರಾಗಿ ಮಾಡ್ತೀವಿ ಬಿಡಿ" ಅಂದರೆ ಸಾಲದು. ಕರೆಂಟ್ ಇರುವಾಗ ಕೈ ಅಲ್ಲಿಗೆ ಹೋಗಲು ಸಾಧ್ಯವೇ ಇಲ್ಲದ ಹಾಗೆ ಜಾಗ ಕಟ್ಟಬೇಕು.

ಹಾಗಾಗಿ ಮೊದಲು ಗೂಡು ಮಾಡಿಸಿ. ಮೋಟಾರ್ ಪೂರ್ತಿ ಒಳಗೆ ಹೋಗುವಷ್ಟು ದೊಡ್ಡದು, ಪಾಲಿಕಾರ್ಬೊನೇಟ್ ಶೀಟ್‌ನದ್ದು ಆದರೆ ಒಳ್ಳೆಯದು. ಕಬ್ಬಿಣದ ಜಾಲರಿ ಹಾಕಿದರೆ ಅದಕ್ಕೆ ಅರ್ಥಿಂಗ್ ಕೊಡಲೇಬೇಕು, ಮತ್ತು ಅದರ ಕಣ್ಣುಗಳಲ್ಲಿ ಬೆರಳು ತೂರಬಾರದು. ಬಾಗಿಲಿಗೆ ಒಂದು ಲಿಮಿಟ್ ಸ್ವಿಚ್ ಕೂರಿಸಿ. ಎಷ್ಟೋ ಹೈಪಾಟ್ ಟೆಸ್ಟರ್‌ಗಳ ಹಿಂಭಾಗದಲ್ಲಿ ಇಂಟರ್‌ಲಾಕ್ ಟರ್ಮಿನಲ್ ಇರುತ್ತದೆ, ಆ ಸ್ವಿಚ್ಚನ್ನು ಅಲ್ಲಿಗೆ ಜೋಡಿಸಿದರೆ ಬಾಗಿಲು ತೆರೆದ ಕ್ಷಣ ಔಟ್‌ಪುಟ್ ಆಫ್ ಆಗುತ್ತದೆ. ಕೆಲಸ ಬೇಗ ಆಗಲಿ ಅಂತ ಈ ಟರ್ಮಿನಲ್‌ಗೆ ಒಂದು ತುಂಡು ವೈರ್ ಹಾಕಿ ಶಾರ್ಟ್ ಮಾಡುವವರಿದ್ದಾರೆ. ದಯವಿಟ್ಟು ಬೇಡ. ಅಲ್ಲಿಗೆ ಗೂಡು ಮಾಡಿಸಿದ ಖರ್ಚೂ ದಂಡ.

ಇನ್ನೊಂದು ತಪ್ಪು ನಂಬಿಕೆ: "ನಮ್ಮಲ್ಲಿ 30 ಮಿಲಿಆಂಪ್ ಆರ್‌ಸಿಸಿಬಿ ಇದೆ, ಏನಾದರೂ ಆದರೆ ಟ್ರಿಪ್ ಆಗುತ್ತದೆ." ಆಗುವುದಿಲ್ಲ. ಆರ್‌ಸಿಸಿಬಿ ಅಂದರೆ ಫೇಸ್ ಮತ್ತು ನ್ಯೂಟ್ರಲ್ ಕರೆಂಟ್‌ನಲ್ಲಿ ವ್ಯತ್ಯಾಸ ಕಂಡರೆ ಲೈನ್ ಕಡಿಯುವ ಸ್ವಿಚ್. ಆದರೆ ಟೆಸ್ಟರ್ ಒಳಗೆ ಟ್ರಾನ್ಸ್‌ಫಾರ್ಮರ್ ಇದೆ. ಔಟ್‌ಪುಟ್ ಕಡೆ ನಿಮ್ಮ ಮೈಯಲ್ಲಿ ಕರೆಂಟ್ ಹರಿದರೂ ಇನ್‌ಪುಟ್ ಕಡೆ ಫೇಸ್ ಮತ್ತು ನ್ಯೂಟ್ರಲ್ ಸಮವಾಗಿಯೇ ಇರುತ್ತವೆ, ಆರ್‌ಸಿಸಿಬಿಗೆ ಏನೂ ಗೊತ್ತಾಗುವುದಿಲ್ಲ. ಹಾಗಂತ ಆರ್‌ಸಿಸಿಬಿ ತೆಗೆಯಬೇಡಿ, ಟೆಸ್ಟರ್‌ನ ಬಾಡಿಗೆ ಮೇನ್ಸ್ ತಗುಲಿದರೆ ಬೇಕಾಗುತ್ತದೆ. ಔಟ್‌ಪುಟ್‌ಗೆ ಟೆಸ್ಟರ್‌ನಲ್ಲೇ ಟ್ರಿಪ್ ಕರೆಂಟನ್ನು ಆ ಮೋಟಾರ್‌ಗೆ ಸಾಕಾಗುವಷ್ಟು ಕಡಿಮೆಗೆ ಇಡಿ. ಮೋಟಾರ್ ದೊಡ್ಡದಾದಷ್ಟೂ ಲೀಕೇಜ್ (ಇನ್ಸುಲೇಷನ್ ಮೂಲಕ ಸೋರುವ ಕರೆಂಟ್) ಜಾಸ್ತಿ ಇರುತ್ತದೆ ನಿಜ, ಆದರೆ ಸುಮ್ನೆ ಮ್ಯಾಕ್ಸಿಮಮ್‌ಗೆ ತಿರುಗಿಸಿ ಬಿಡಬೇಡಿ.

ಕಾಲಡಿಗೆ ಐಎಸ್ 15652 ಗುರುತಿರುವ ಇನ್ಸುಲೇಟಿಂಗ್ ಮ್ಯಾಟ್ ಹಾಕಿ. ಕ್ಲಾಸ್ ಎ ಸಾಕು, ಅದು 3.3 ಕಿಲೋವೋಲ್ಟ್‌ವರೆಗೆ. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಕಪ್ಪು ರಬ್ಬರ್ ಇದಕ್ಕೆ ಆಗದು. ಮ್ಯಾಟ್ ಮೇಲೆ ನಿಂತು ಒಂದು ಕೈಯಲ್ಲಿ ಪ್ರೋಬ್ ಹಿಡಿದು, ಇನ್ನೊಂದು ಕೈಯನ್ನು ಅರ್ಥ್ ಆದ ಫ್ರೇಮ್ ಮೇಲೆ ಇಟ್ಟರೆ ಮ್ಯಾಟ್ ಇದ್ದೂ ಇಲ್ಲದ ಹಾಗೆ, ಕರೆಂಟ್ ಎದೆಯ ಮೂಲಕವೇ ಹೋಗುತ್ತದೆ. ಗ್ಲೌಸ್ ವಿಷಯದಲ್ಲೂ ಅಷ್ಟೇ: ಕ್ಲಾಸ್ 0 ಅಂದರೆ 1000 ವೋಲ್ಟ್ ಎಸಿವರೆಗೆ ಮಾತ್ರ, ನಮ್ಮ 1830ಕ್ಕೆ ಕ್ಲಾಸ್ 1 ಬೇಕು. ಕೈಗೆ ಹಾಕುವ ಮೊದಲು ಗ್ಲೌಸನ್ನು ಸುರುಳಿ ಸುತ್ತಿ ಒಳಗಿನ ಗಾಳಿ ಹೊರಗೆ ಸೋರುತ್ತದಾ ನೋಡಿ. ಮಾಮೂಲಿ ಮಲ್ಟಿಮೀಟರನ್ನು ಈ ಔಟ್‌ಪುಟ್‌ಗೆ ಎಂದೂ ಹಾಕಬೇಡಿ. ಅದು 1000 ವೋಲ್ಟ್‌ವರೆಗಿನದು, ಇಲ್ಲಿ ಹೈವೋಲ್ಟೇಜ್ ಪ್ರೋಬ್ ಇಲ್ಲದೆ ಅಳೆಯುವ ಹಾಗಿಲ್ಲ.

ಎಮರ್ಜೆನ್ಸಿ ಸ್ವಿಚ್, ಆ ಕೆಂಪು ಅಣಬೆಯಂಥದ್ದು, ಎರಡು ಹಾಕಿ. ಒಂದು ಟೆಸ್ಟ್ ಮಾಡುವವನ ಕೈಗೆ, ಇನ್ನೊಂದು ಬಾಗಿಲ ಹತ್ತಿರ. ಎರಡನೆಯದು ಜೊತೆಯಲ್ಲಿರುವವನಿಗೆ. ಜೊತೆಗೆ ಒಬ್ಬ ಇರಲೇಬೇಕು. ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಮುಟ್ಟದೆ ಮೊದಲು ಆ ಸ್ವಿಚ್ ಒತ್ತಬೇಕು, ಆಮೇಲೆ 108ಕ್ಕೆ ಫೋನ್ ಮಾಡಬೇಕು, ಉಸಿರಿಲ್ಲದಿದ್ದರೆ ಸಿಪಿಆರ್ ಶುರು ಮಾಡಬೇಕು. ಇದನ್ನು ಅವನಿಗೆ ಮೊದಲೇ ಕಲಿಸಿಡಿ.

ಹೈಪಾಟ್‌ಗೆ ಮೊದಲು 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ರೆಸಿಸ್ಟೆನ್ಸ್ ಅಳೆಯುವ ಮೀಟರ್) ಹಾಕಿ. ಮಳೆಗಾಲದಲ್ಲಿ ಕರಾವಳಿ, ಮಲೆನಾಡು ಕಡೆ ವೈಂಡಿಂಗ್ ತೇವ ಹೀರಿಕೊಂಡು ರೀಡಿಂಗ್ ಬಿದ್ದುಹೋಗಿರುತ್ತದೆ. ಹಾಗಿದ್ದರೆ ಒಣಗಿಸಿ, ಮತ್ತೆ ಅಳೆಯಿರಿ. ಒಮ್ಮೆ ಪೂರ್ತಿ ವೋಲ್ಟೇಜ್‌ನಲ್ಲಿ ಪಾಸಾದ ವೈಂಡಿಂಗನ್ನು ಮತ್ತೆ ಟೆಸ್ಟ್ ಮಾಡಬೇಕಾದರೆ 80 ಪರ್ಸೆಂಟ್ ಸಾಕು.

ಮೆಗ್ಗರ್ ಆದ ಮೇಲೂ, ಡಿಸಿ ಹೈಪಾಟ್ ಆದ ಮೇಲೂ ವೈಂಡಿಂಗ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ಒಮ್ಮೆ ಶಾರ್ಟ್ ಮಾಡಿ ತೆಗೆದರೂ ವೋಲ್ಟೇಜ್ ಮತ್ತೆ ತಲೆ ಎತ್ತುತ್ತದೆ. ಅದಕ್ಕೆ ಉದ್ದನೆಯ ಇನ್ಸುಲೇಟೆಡ್ ಹಿಡಿಯ ಡಿಸ್ಚಾರ್ಜ್ ರಾಡ್ ಬೇಕು, ತುದಿಯಲ್ಲಿ ರೆಸಿಸ್ಟರ್, ಇನ್ನೊಂದು ಕಡೆ ಅರ್ಥ್ ವೈರ್. ಮೊದಲು ರಾಡ್ ಮುಟ್ಟಿಸಿ, ನಂತರ ವೈಂಡಿಂಗನ್ನು ನೇರ ಅರ್ಥ್‌ಗೆ ಶಾರ್ಟ್ ಮಾಡಿ. ಟೆಸ್ಟ್ ಎಷ್ಟು ಹೊತ್ತು ನಡೆಯಿತೋ ಅದರ ನಾಲ್ಕು ಪಟ್ಟು ಹೊತ್ತಾದರೂ ಹಾಗೇ ಇರಲಿ.

ಪ್ರತಿದಿನ ಕೆಲಸ ಶುರು ಮಾಡುವಾಗ ಗೂಡು ಖಾಲಿ ಇಟ್ಟು, ಕಡಿಮೆ ವೋಲ್ಟೇಜ್‌ನಲ್ಲಿ ಆನ್ ಮಾಡಿ ಬಾಗಿಲು ತೆರೆದು ನೋಡಿ. ಎರಡೂ ಕೆಂಪು ಸ್ವಿಚ್ ಒತ್ತಿ ನೋಡಿ. ರಾಡ್‌ನ ಅರ್ಥ್ ವೈರ್ ಎಲ್ಲೂ ಕಡಿದಿಲ್ಲ ಅಂತ ಕಂಟಿನ್ಯೂಯಿಟಿ ನೋಡಿ. ಇವೆಲ್ಲ ಸರಿ ಇದ್ದರೆ ಮೊದಲ ಮೋಟಾರ್ ಒಳಗಿಡಿ.