ಆಸ್ಟ್ರೇಲಿಯಾದ ರಗ್ಬಿ ಯೂನಿಯನ್ ಆಟಗಾರನ ಹಾದಿಯನ್ನು ಅಧ್ಯಯನ ಮಾಡುವ ಬಗೆ

ಆಟಗಾರನೊಬ್ಬನ ವೃತ್ತಿಜೀವನವನ್ನು ಅರಿಯಲು ವಾಲಬೀಸ್ (ಆಸ್ಟ್ರೇಲಿಯಾದ ರಾಷ್ಟ್ರೀಯ ರಗ್ಬಿ ಯೂನಿಯನ್ ತಂಡ) ಅಂಕಿಅಂಶಗಳಿಗಿಂತ ಮೊದಲು ಅವನ ಶಾಲೆ ಮತ್ತು ಸ್ಥಳೀಯ ಕ್ಲಬ್ಬನ್ನು ಗುರುತಿಸಿಕೊಳ್ಳಿ. 101 ಟೆಸ್ಟ್‌ಗಳಲ್ಲಿ (ಅಂತರರಾಷ್ಟ್ರೀಯ ಪಂದ್ಯಗಳು) 64 ಟ್ರೈ (ಎದುರಾಳಿಯ ಗೋಲು ಗೆರೆಯಾಚೆ ಚೆಂಡನ್ನು ನೆಲಕ್ಕೆ ತಾಗಿಸಿ ಪಡೆಯುವ ಅಂಕ) ಗಳಿಸಿದ ಡೇವಿಡ್ ಕ್ಯಾಂಪೀಸಿ ಕ್ವೀನ್‌ಬಿಯನ್ ಎಂಬ ಪಟ್ಟಣದಿಂದ ಬಂದವರು. ‘ಎಲ್ಲಾ’ ಎಂಬ ಕುಲನಾಮದ ಸಹೋದರರಾದ ಮಾರ್ಕ್, ಗ್ಲೆನ್ ಮತ್ತು ಗ್ಯಾರಿ ಮ್ಯಾಟ್ರವಿಲ್ ಪ್ರೌಢಶಾಲೆಯಲ್ಲಿ ಒಟ್ಟಾಗಿ ಆಡಿ, ರ‍್ಯಾಂಡ್ವಿಕ್ ಕ್ಲಬ್ಬಿನ ಮೂಲಕ ರಾಷ್ಟ್ರೀಯ ತಂಡವನ್ನು ಸೇರಿದರು. ಚೆಂಡನ್ನು ಓಡುತ್ತಲೇ ದಾಟಿಸುವ ಅವರ ಆಟದ ಬೇರು ಈ ಶಾಲಾ ದಿನಗಳಲ್ಲಿದೆ ಎಂಬುದು ನನ್ನ ದೃಢ ಅಭಿಪ್ರಾಯ.

ಬಳಿಕ ಕಾಲಘಟ್ಟವನ್ನು ಬೇರ್ಪಡಿಸಿ. ರಗ್ಬಿ ಯೂನಿಯನ್ 1995ರಲ್ಲಿ ವೃತ್ತಿಪರವಾಯಿತು. ಅದಕ್ಕೆ ಹಿಂದಿನವರಿಗೆ ಸಿಡ್ನಿಯ ಶೂಟ್ ಶೀಲ್ಡ್‌ನಂತಹ ಕ್ಲಬ್ ಪಂದ್ಯಾವಳಿಗಳು ಮತ್ತು ರಾಜ್ಯ ತಂಡಗಳೇ ಮುಖ್ಯ ಮೆಟ್ಟಿಲುಗಳಾಗಿದ್ದರೆ, ನಂತರದವರ ಸಾಧನೆಯನ್ನು ಹಲವು ದೇಶಗಳ ವೃತ್ತಿಪರ ತಂಡಗಳು ಆಡುವ ಸೂಪರ್ ರಗ್ಬಿ ಪಂದ್ಯಾವಳಿಯ ದಾಖಲೆಗಳಲ್ಲಿಯೂ ಹುಡುಕಬೇಕಾಗುತ್ತದೆ. ಲೋಟೆ ಟುಕಿರಿಯಂತೆ ರಗ್ಬಿ ಲೀಗ್‌ನಿಂದ (ಬೇರೆ ನಿಯಮಗಳಿರುವ, ರಗ್ಬಿಯ ಇನ್ನೊಂದು ಪ್ರಕಾರ) ಬಂದವರಿದ್ದರೆ ಆ ವರ್ಷಗಳನ್ನು ಪ್ರತ್ಯೇಕವಾಗಿ ಬರೆದುಕೊಳ್ಳಿ.

ಸ್ಥಳೀಯ ಪ್ರತಿಭೆಯ ಪೋಷಣೆಗೆ ಕ್ಯಾನ್‌ಬೆರಾದ ಬ್ರಂಬೀಸ್ ತಂಡವನ್ನು ವಿಶೇಷವಾಗಿ ಗಮನಿಸಬೇಕು: 1996ರಲ್ಲಿ ಆಟ ಆರಂಭಿಸಿದ ಈ ತಂಡ, ಸಿಡ್ನಿ ಮತ್ತು ಬ್ರಿಸ್ಬೇನ್‌ಗಳಲ್ಲಿ ಅವಕಾಶ ಸಿಗದವರನ್ನೂ ಕ್ಯಾನ್‌ಬೆರಾದಲ್ಲೇ ಬೆಳೆದ ಸ್ಟೀಫನ್ ಲಾರ್ಕಮ್‌ರಂಥವರನ್ನೂ ಜೊತೆಗೂಡಿಸಿ, 2001 ಮತ್ತು 2004ರಲ್ಲಿ ಸೂಪರ್ ರಗ್ಬಿ ಪ್ರಶಸ್ತಿ ಗೆದ್ದಿತು.